ಹಳೆಯ ಕಂಪ್ಯೂಟರಿಗೆ ತಕ್ಕ ಕೆಲಸ

2025ನೆಯ ಇಸವಿ ಅಕ್ಟೋಬರ್ 14ನೆಯ ತಾರೀಖು, ಮಂಗಳವಾರ, ನಮ್ಮಲ್ಲಿ ಎಷ್ಟೋ ಜನರ ಮನೆಯ ಕಂಪ್ಯೂಟರು ಸದ್ದಿಲ್ಲದೆ ನಿವೃತ್ತಿಗೆ ಬಂದಿತು. ಹಾರ ತುರಾಯಿಗಳಿಲ್ಲ, ಬೀಳ್ಕೊಡುಗೆಯ ಭಾಷಣವಿಲ್ಲ. ಮರುದಿನ ಬೆಳಿಗ್ಗೆ ಗುಂಡಿ ಒತ್ತಿದಾಗ ಅದು ಎಂದಿನಂತೆಯೇ ಎದ್ದು ಕೆಲಸಕ್ಕೆ ನಿಂತಿತಾದ್ದರಿಂದ ಮನೆಯವರಿಗೆ ವಿಷಯವೇ ತಿಳಿಯಲಿಲ್ಲ. ನಡೆದದ್ದು ಇಷ್ಟು: 2015ರಲ್ಲಿ ಹೊರಬಂದ 'ವಿಂಡೋಸ್ 10' ಎಂಬ ಆಪರೇಟಿಂಗ್ ಸಿಸ್ಟಮ್ಮಿಗೆ, ಎಂದರೆ ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶಕ್ಕೆ, ಮೈಕ್ರೋಸಾಫ್ಟ್ ಕಂಪನಿಯವರು ಹತ್ತು ವರ್ಷಗಳಿಂದ ತಿಂಗಳು ತಿಂಗಳೂ ಕಳುಹಿಸುತ್ತಿದ್ದ ರಕ್ಷಣೆಯ ತಿದ್ದುಪಡಿಗಳು ಆ ದಿನಕ್ಕೆ ಮುಗಿದವು. ಇದಕ್ಕೆ ಮೊದಲು 2014ರ ಏಪ್ರಿಲ್ 8ರಂದು 'ಎಕ್ಸ್‌ಪಿ'ಗೂ 2020ರ ಜನವರಿ 14ರಂದು 'ವಿಂಡೋಸ್ 7'ಕ್ಕೂ ಇದೇ ಗತಿಯಾಗಿತ್ತು.

ಈ ಸುದ್ದಿ ಬಂದಂದಿನಿಂದ ನಮ್ಮ ಕನ್ನಡ ಮನೆಗಳಲ್ಲಿ ಎರಡು ಪಕ್ಷಗಳಾಗಿವೆ. ಶೋಳಿಂಗನಲ್ಲೂರಿನ ಕಡೆ ಐ.ಟಿ. ಕಂಪನಿಗಳಲ್ಲಿ ದುಡಿಯುವ ಮಕ್ಕಳು, "ಅದನ್ನು ಮೊದಲು ಬಿಸಾಡಿ ಅಪ್ಪಾ, ಹೊಸದು ತೆಗೆದುಕೊಳ್ಳೋಣ" ಎನ್ನುತ್ತಾರೆ. ತಿರುವಲ್ಲಿಕ್ಕೇಣಿ, ಮಾಂಬಲಗಳ ಹಳೆಯ ಮನೆಗಳಲ್ಲಿರುವ ತಂದೆಯವರು, "ಚೆನ್ನಾಗಿ ಓಡುತ್ತಿರುವುದನ್ನು ಯಾಕಯ್ಯಾ ಬಿಸಾಡಬೇಕು? ಇದೆಲ್ಲ ಹೊಸ ಮಾಲು ಮಾರುವವರ ಉಪಾಯ" ಎನ್ನುತ್ತಾರೆ. ಗುಮಾಸ್ತೆಯ ಸಂಬಳದಲ್ಲಿ ಸಂಸಾರ ನಡೆಸುವ ನಮ್ಮಂಥವರಿಗೆ ತಂದೆಯವರ ಪಕ್ಷವೇ ರುಚಿಸುತ್ತದೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಆದರೂ ಎರಡು ಪಕ್ಷಗಳಲ್ಲಿಯೂ ಅರ್ಧರ್ಧ ಸತ್ಯವಿದೆಯೆಂದು ನಮಗೆ ತೋರುತ್ತದೆ. ಯಂತ್ರವನ್ನು ಇಟ್ಟುಕೊಳ್ಳಬಹುದು; ಅದಕ್ಕೆ ವಹಿಸಿದ್ದ ಕೆಲಸವನ್ನು ಬದಲಾಯಿಸಬೇಕು. ಮೂವತ್ತು ವರ್ಷ ಖಜಾನೆಯ ಬೀಗದಕೈ ಹಿಡಿದಿದ್ದ ಹಿರಿಯರು ನಿವೃತ್ತರಾದಂದು ಬೀಗದಕೈಯನ್ನು ಹಿಂದಕ್ಕೆ ಒಪ್ಪಿಸಿ, ಮನೆಯಲ್ಲಿ ಕುಳಿತು ಮೊಮ್ಮಕ್ಕಳಿಗೆ ಲೆಕ್ಕ ಹೇಳಿಕೊಡುವುದಿಲ್ಲವೆ? ಹಾಗೆ.

ತಿದ್ದುಪಡಿ ಎಂದರೇನು ಎಂಬುದನ್ನು ಮೊದಲು ನೋಡೋಣ. ಕೋಟಿಗಟ್ಟಲೆ ಸಾಲುಗಳಲ್ಲಿ ಬರೆದ ತಂತ್ರಾಂಶದಲ್ಲಿ ಅಲ್ಲಲ್ಲಿ ಹರಕು ಇದ್ದೇ ಇರುತ್ತದೆ. ಕೆಲವು ಹರಕುಗಳು ನಿರುಪದ್ರವಿ. ಕೆಲವು ಮಾತ್ರ, ಅಪರಿಚಿತನೊಬ್ಬನು ದೂರದಲ್ಲಿ ಕುಳಿತು ನಮ್ಮ ಯಂತ್ರದೊಳಗೆ ಕೈಹಾಕಲು ಸಾಕಾಗುವಷ್ಟು ದೊಡ್ಡವು. ಇಂಥದು ಕಂಡುಬಂದಾಗ ಕಂಪನಿಯವರು ಅಷ್ಟಕ್ಕೆ ಒಂದು ತುಂಡನ್ನು ಹೊಲಿದು ಕಳುಹಿಸುತ್ತಾರೆ. ಇಂಗ್ಲಿಷಿನಲ್ಲಿ ಅದರ ಹೆಸರು 'ಪ್ಯಾಚ್'. ನಮ್ಮ ಅಜ್ಜಿಯರ ಮಾತಿನಲ್ಲಿ ಅದು ತೇಪೆ. ಇದಕ್ಕಿಂತ ಒಳ್ಳೆಯ ಅನುವಾದ ಬೇಕಾಗಿಲ್ಲ.

ತೇಪೆ ನಿಂತರೆ ಹೊಸ ಹರಕನ್ನು ಮುಚ್ಚುವವರಿರುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಾಗುವ ಮಾತು. ಇದಕ್ಕಿಂತ ಸೂಕ್ಷ್ಮವಾದ ಅಪಾಯ ಇನ್ನೊಂದಿದೆ. 'ವಿಂಡೋಸ್ 11' ಬೇರೆ ಮನೆತನದ್ದಲ್ಲ, 10ರ ತಮ್ಮನೇ. ಒಳಗಿನ ಎಷ್ಟೋ ಭಾಗ ಇಬ್ಬರಿಗೂ ಒಂದೇ. ಪ್ರತಿ ತಿಂಗಳ ಎರಡನೆಯ ಮಂಗಳವಾರ ತಮ್ಮನಿಗೆ ತೇಪೆ ಬರುತ್ತದೆ. ಕಳ್ಳರು ಆ ತೇಪೆಯನ್ನು ಬಿಚ್ಚಿ, ತೇಪೆ ಹಾಕುವುದಕ್ಕೆ ಮುಂಚಿನ ಬಟ್ಟೆಯೊಡನೆ ಹೋಲಿಸಿ, ಹರಕು ಎಲ್ಲಿತ್ತೆಂಬುದನ್ನು ಕಂಡುಕೊಳ್ಳುತ್ತಾರೆ. ಅದೇ ಹರಕು ಅಣ್ಣನ ಅಂಗಿಯಲ್ಲಿಯೂ ಇದ್ದರೆ, ಅಲ್ಲಿ ಅದು ಇನ್ನೆಂದಿಗೂ ಮುಚ್ಚುವುದಿಲ್ಲ. ಹೀಗೆ ಹೊಸ ಯಂತ್ರಕ್ಕೆ ಬಂದ ಔಷಧದ ಚೀಟಿಯೇ ಹಳೆಯ ಯಂತ್ರದ ರೋಗವನ್ನು ಊರಿಗೆಲ್ಲ ಸಾರುತ್ತದೆ. ನಿವೃತ್ತಿಯಾದ ಮೊದಲ ದಿನಕ್ಕಿಂತ ಎರಡನೆಯ ವರ್ಷ ಹೆಚ್ಚು ಅಪಾಯವಾಗುವುದು ಈ ಕಾರಣದಿಂದಲೇ. "ಮೂರು ತಿಂಗಳಾಯಿತು, ಏನೂ ಆಗಿಲ್ಲ" ಎಂದು ಧೈರ್ಯ ಹೇಳಿಕೊಳ್ಳುವವರು ಇದನ್ನು ಗಮನಿಸಬೇಕು.

ಇದು ಬರಿಯ ಹೆದರಿಕೆಯೆಂದು ತಿಳಿಯಬಾರದು. 2017ರ ಮೇ 12ರಂದು 'ವಾನಾಕ್ರೈ' ಎಂಬ ಹುಳು ಲೋಕವನ್ನು ಸುತ್ತಿದ್ದು ವಾಚಕರಲ್ಲಿ ಹಲವರಿಗೆ ನೆನಪಿರಬಹುದು. ಅದಕ್ಕೆ ಯಾರೂ ಯಾವ ಕೊಂಡಿಯನ್ನೂ ಒತ್ತಬೇಕಾಗಿರಲಿಲ್ಲ. ಜಾಲದಲ್ಲಿ ಒಂದು ಯಂತ್ರದಿಂದ ಇನ್ನೊಂದಕ್ಕೆ ತಾನೇ ಹರಿದಾಡುತ್ತಿತ್ತು. ಹೊಕ್ಕಲ್ಲಿ ಫೈಲುಗಳನ್ನೆಲ್ಲ ಬೀಗ ಹಾಕಿ, ಬೀಗ ತೆಗೆಯಲು ಮುನ್ನೂರು ಡಾಲರು ಬೆಲೆಯ ಬಿಟ್‌ಕಾಯಿನ್ ಕೇಳುತ್ತಿತ್ತು. ನೂರೈವತ್ತು ದೇಶಗಳಿಗೆ ಅದು ಹಬ್ಬಿತೆಂದು ಯೂರೋಪಿನ ಪೊಲೀಸು ಸಂಸ್ಥೆಯಾದ ಯೂರೋಪೋಲ್ ಹೇಳಿತು. ಇಂಗ್ಲೆಂಡಿನ ಸರಕಾರಿ ಆಸ್ಪತ್ರೆಗಳಲ್ಲಿ ರೋಗಿಗಳನ್ನು ಹಿಂದಕ್ಕೆ ಕಳುಹಿಸಿದರು. ನಮ್ಮ ಸುತ್ತಮುತ್ತಲೂ ಅದು ಬಂದಿತ್ತು. ಮೈಸೂರು ಸೀಮೆಗೆ ಅಂಟಿಕೊಂಡಿರುವ ವಯನಾಡಿನ ಒಂದು ಗ್ರಾಮ ಪಂಚಾಯಿತಿ ಕಛೇರಿಯಲ್ಲಿಯೂ ಆಂಧ್ರದ ಕೆಲವು ಪೊಲೀಸು ಠಾಣೆಗಳಲ್ಲಿಯೂ ಕಂಪ್ಯೂಟರುಗಳು ಅದರ ಬಾಯಿಗೆ ಬಿದ್ದವು.

ಇದರಲ್ಲಿ ನಮಗೆ ಮುಖ್ಯವಾಗಿ ತೋರುವ ಸಂಗತಿ ಬೇರೊಂದು. ಆ ಹುಳು ನುಗ್ಗಿದ ಹರಕಿಗೆ ತೇಪೆಯನ್ನು ಅದೇ ವರ್ಷ ಮಾರ್ಚ್ 14ರಂದೇ, ಎಂದರೆ ಎರಡು ತಿಂಗಳು ಮುಂಚೆಯೇ, ಕೊಟ್ಟಾಗಿತ್ತು. ಕೆಟ್ಟವರಲ್ಲಿ ಬಹು ಮಂದಿ 'ವಿಂಡೋಸ್ 7' ಇಟ್ಟುಕೊಂಡವರು. ಆಗ ಅದಕ್ಕಿನ್ನೂ ತೇಪೆ ಬರುತ್ತಿತ್ತು. ಇವರು ಹಾಕಿಕೊಂಡಿರಲಿಲ್ಲ, ಅಷ್ಟೆ. "ಆಮೇಲೆ ನೆನಪಿಸು" ಎಂಬ ಗುಂಡಿಯನ್ನು ದಿನವೂ ಒತ್ತುವ ಅಭ್ಯಾಸ ಯಾರ ಮನೆಯಲ್ಲಿ ಇಲ್ಲ? ಆದ್ದರಿಂದ ಕಂಪ್ಯೂಟರಿಗೆ ಆಯುಸ್ಸು ಮುಗಿಯಿತೇ ಎಂದು ಕೇಳುವ ಮೊದಲು, ಆಯುಸ್ಸು ಇದ್ದಾಗ ಅದಕ್ಕೆ ಹಾಕಬೇಕಾದ್ದನ್ನು ಹಾಕಿದ್ದೇವೆಯೇ ಎಂದು ನೋಡಿಕೊಳ್ಳುವುದು ವಾಸಿ. ಅಂತೂ ಎಕ್ಸ್‌ಪಿ ಬಿಟ್ಟು ಮೂರು ವರ್ಷವಾಗಿದ್ದರೂ ಕಂಪನಿಯವರು ಕನಿಕರಪಟ್ಟು ಆ ವಾರ ಅದಕ್ಕೂ ಒಂದು ತೇಪೆ ಕೊಟ್ಟರು. ಪ್ರತಿ ಸಲವೂ ಇಂಥ ಕನಿಕರ ದೊರೆಯುವುದೆಂದು ನಂಬಿ ಕೂರುವಂತಿಲ್ಲ.

ಹಳೆಯ ಯಂತ್ರವನ್ನು ಬಿಡಲಾರದೆ ಇಟ್ಟುಕೊಳ್ಳುವವರು ನಾವು ಬಡಪಾಯಿಗಳು ಮಾತ್ರವಲ್ಲ. ಬೀದಿ ಬೀದಿಯ ಏಟಿಎಂ ಯಂತ್ರದೊಳಗೂ ಒಂದು ಕಂಪ್ಯೂಟರಿರುತ್ತದೆ. ಎಕ್ಸ್‌ಪಿಗೆ ತೇಪೆ ನಿಂತ ನಾಲ್ಕು ವರ್ಷಗಳ ಮೇಲೂ ನಮ್ಮ ದೇಶದ ಎಷ್ಟೋ ಏಟಿಎಂಗಳು ಅದರ ಮೇಲೆಯೇ ನಡೆಯುತ್ತಿದ್ದವು. 2018ರ ಜೂನ್ 21ರಂದು ರಿಜರ್ವ್ ಬ್ಯಾಂಕಿನವರು ಒಂದು ಸುತ್ತೋಲೆ ಹೊರಡಿಸಿ, 2019ರ ಜೂನ್ ಒಳಗೆ ಎಲ್ಲವನ್ನೂ ಹಂತ ಹಂತವಾಗಿ ಬದಲಾಯಿಸಬೇಕೆಂದು ವಿಧಿಸಿದರು. ಸುತ್ತೋಲೆ ಓದುವುದೇ ನಮ್ಮ ಹೊಟ್ಟೆಪಾಡಾದ್ದರಿಂದ ಇದನ್ನು ಸ್ವಲ್ಪ ಆಸಕ್ತಿಯಿಂದಲೇ ಓದಿದೆವು. ಬದಲಾಯಿಸುವವರೆಗೆ ಏನು ಮಾಡಬೇಕೆಂದೂ ಅದರಲ್ಲಿ ಹೇಳಿದೆ: ಯುಎಸ್‌ಬಿ ಕಿಂಡಿಗಳನ್ನು ಮುಚ್ಚಿರಿ, ಸಿಕ್ಕಿಸಿದ್ದು ತಾನಾಗಿ ಓಡುವ ಸೌಲಭ್ಯವನ್ನು ನಿಲ್ಲಿಸಿರಿ, ಯಂತ್ರ ಏಳುವಾಗಲೇ ಕೇಳುವ ಬಯೋಸ್ ಪಾಸ್‌ವರ್ಡ್ ಇಡಿರಿ, ಯಜಮಾನಿಕೆಯ ಅಧಿಕಾರವನ್ನು ಬೇಕಾದ ಹೊತ್ತಿಗೆ ಮಾತ್ರ ಕೊಡಿರಿ, ಒಪ್ಪಿತವಾದ ತಂತ್ರಾಂಶಗಳ ಹೊರತು ಮತ್ತೊಂದು ಅದರಲ್ಲಿ ನಡೆಯದಂತೆ ಮಾಡಿರಿ. ಬ್ಯಾಂಕಿನ ಭಾಷೆಯನ್ನು ಕಳಚಿದರೆ ಇದು ಮನೆಯ ಹಳೆಯ ಕಂಪ್ಯೂಟರಿಗೂ ಒಪ್ಪುವ ಪಥ್ಯವೇ.

ಈಗ ನಿಮ್ಮ ಮನೆಯ ಯಂತ್ರಕ್ಕೆ ಬರೋಣ. ಕೀಲಿಮಣೆಯಲ್ಲಿ ಕಿಟಕಿಯ ಗುರುತಿರುವ ಕೀಲಿಯನ್ನೂ 'ಆರ್' ಕೀಲಿಯನ್ನೂ ಒಟ್ಟಿಗೆ ಒತ್ತಿದರೆ ಒಂದು ಸಣ್ಣ ಚೌಕ ಬರುತ್ತದೆ. ಅದರಲ್ಲಿ 'ವಿನ್‌ವರ್' ಎಂಬ ಪದವನ್ನು ಇಂಗ್ಲಿಷಿನಲ್ಲಿ ಬರೆದು (ಡಬ್ಲ್ಯು, ಐ, ಎನ್, ವಿ, ಇ, ಆರ್ ಎಂಬ ಆರೇ ಅಕ್ಷರ) ಎಂಟರ್ ಒತ್ತಿದರೆ ಯಂತ್ರ ತನ್ನ ಕುಲಗೋತ್ರವನ್ನು ತಾನೇ ಹೇಳುತ್ತದೆ. ವಿಂಡೋಸ್ 10, ಅದರಲ್ಲಿಯೂ '22ಎಚ್2' ಎಂಬ ಕೊನೆಯ ಆವೃತ್ತಿ ಇದ್ದವರಿಗೆ 2026ರ ಅಕ್ಟೋಬರ್ 13ರವರೆಗೆ ಒಂದು ವರ್ಷದ ಹೆಚ್ಚುವರಿ ತಿದ್ದುಪಡಿಗಳನ್ನು ಕೊಡುವುದಾಗಿ ಕಂಪನಿಯವರು 2025ರಲ್ಲಿ ಪ್ರಕಟಿಸಿದರು. ಮೂವತ್ತು ಡಾಲರು ಕಟ್ಟಬಹುದು, ಇಲ್ಲವೆ ಮೈಕ್ರೋಸಾಫ್ಟ್ ಖಾತೆಯಿಂದ ಪ್ರವೇಶಿಸಿ ಯಂತ್ರದ ಸೆಟ್ಟಿಂಗುಗಳನ್ನು ಅವರಲ್ಲಿ ಪ್ರತಿಯಿಟ್ಟರೆ ಹಣವಿಲ್ಲದೆಯೂ ಆಗುತ್ತದೆ. ಇದನ್ನು ಪಡೆದವರು ಚಿಂತೆ ನೀಗಿತೆಂದುಕೊಳ್ಳಬೇಡಿ. ಇದು ಕೋರ್ಟಿನಲ್ಲಿ ಸಿಕ್ಕುವ ವಾಯಿದೆಯಂತೆ. ತಾರೀಖು ಮುಂದಕ್ಕೆ ಹೋಗಿದೆ, ಕೇಸು ಹಾಗೆಯೇ ಇದೆ.

ವಿಂಡೋಸ್ 11ಕ್ಕೆ ಏರಬಹುದಾದರೆ ಏರಿಬಿಡುವುದು ಸುಲಭ, ಅದಕ್ಕೆ ಬೇರೆ ಹಣವಿಲ್ಲ. ಆದರೆ ಅದು 'ಟಿಪಿಎಂ 2.0' ಎಂಬ ರಕ್ಷಣೆಯ ಅಂಗವನ್ನೂ, ಹೆಚ್ಚು ಕಡಮೆ 2018ರಿಂದೀಚಿನ ಪ್ರೊಸೆಸರನ್ನೂ ಕೇಳುತ್ತದೆ. ಅದಕ್ಕಿಂತ ಹಳೆಯ ಯಂತ್ರದಲ್ಲಿ ಅಡ್ಡದಾರಿಯಿಂದ ಅದನ್ನು ಕೂರಿಸಿಕೊಡುತ್ತೇವೆನ್ನುವ ಅಂಗಡಿಯವರು ಇದ್ದಾರೆ. ಅಂಥ ಯಂತ್ರಕ್ಕೆ ಮುಂದೆ ತಿದ್ದುಪಡಿ ಬರುವ ಭರವಸೆಯನ್ನು ಕಂಪನಿಯವರು ಕೊಡುವುದಿಲ್ಲ. ಹಾಗಾದರೆ ಹೊಸ ಬಣ್ಣ ಬಳಿಸಿಕೊಂಡು ಹಳೆಯ ಜಾಗದಲ್ಲಿಯೇ ನಿಂತಂತಾಯಿತು. ಇನ್ನು ಅಸಲಿಯಲ್ಲದ, ಬೀಗ ಮುರಿದ ವಿಂಡೋಸ್ ಹಾಕಿಸಿಕೊಂಡವರ ವಿಚಾರ. ಬೀಗ ಮುರಿದವನು ಒಳಗೆ ಇನ್ನೇನನ್ನು ಇಟ್ಟುಹೋಗಿದ್ದಾನೋ ಬಲ್ಲವರಾರು?

ಏರಲಾಗದವರು ಮಾಡಬೇಕಾದ ಮೊದಲ ಕೆಲಸ, ಹಣವನ್ನು ಆ ಯಂತ್ರದಿಂದ ಹೊರಗೆ ತರುವುದು. ಬ್ಯಾಂಕಿನ ಖಾತೆ, ಷೇರು, ಆದಾಯ ತೆರಿಗೆ, ಭವಿಷ್ಯನಿಧಿ ಇವುಗಳ ಯಾವ ವ್ಯವಹಾರವೂ ಅದರಲ್ಲಿ ಬೇಡ. ಬ್ರೌಸರಿನಲ್ಲಿ "ನೆನಪಿಟ್ಟುಕೋ" ಎಂದು ಒಪ್ಪಿಸಿದ ಪಾಸ್‌ವರ್ಡುಗಳನ್ನೆಲ್ಲ ಅಳಿಸಿ, ಬೇರೊಂದು ಸುರಕ್ಷಿತವಾದ ಯಂತ್ರದಿಂದ ಅವುಗಳನ್ನು ಬದಲಾಯಿಸಬೇಕು. ಮುಖ್ಯವಾಗಿ ಇಮೇಲಿನದು. ಯಾವ ಖಾತೆಯ ಪಾಸ್‌ವರ್ಡ್ ಮರೆತರೂ ಹೊಸದು ಬರುವುದು ಇಮೇಲಿಗೇ ಆದ್ದರಿಂದ ಅದನ್ನು ಹಿಡಿದವನು ಎಲ್ಲವನ್ನೂ ಹಿಡಿದಂತೆ. ಪಿಂಚಣಿದಾರರಾದ ನಮ್ಮ ಹಿರಿಯರಲ್ಲಿ ಕೆಲವರು ನವೆಂಬರಿನ ಜೀವಿತ ಪ್ರಮಾಣಪತ್ರಕ್ಕಾಗಿಯೇ ಹಳೆಯ ಕಂಪ್ಯೂಟರನ್ನೂ ಬೆರಳಚ್ಚಿನ ಉಪಕರಣವನ್ನೂ ಜೋಪಾನ ಮಾಡಿದ್ದಾರೆ. 2021ರಿಂದ ಅದನ್ನು ಆಂಡ್ರಾಯ್ಡ್ ಫೋನಿನಲ್ಲಿ ಮುಖ ತೋರಿಸಿಯೇ ಮಾಡಿ ಮುಗಿಸಬಹುದಾಗಿದೆ. ತಿದ್ದುಪಡಿ ಬರುತ್ತಿರುವ ಸಾಧಾರಣ ಫೋನು, ತಿದ್ದುಪಡಿ ನಿಂತ ದೊಡ್ಡ ಕಂಪ್ಯೂಟರಿಗಿಂತ ಇಂಥ ಕೆಲಸಕ್ಕೆ ಮೇಲು. ಆದರೆ ಫೋನಿಗೂ ನಿವೃತ್ತಿಯುಂಟು! ಅದರ ಸೆಟ್ಟಿಂಗಿನಲ್ಲಿ ರಕ್ಷಣೆಯ ತಿದ್ದುಪಡಿ ಕೊನೆಯದಾಗಿ ಬಂದ ತಾರೀಖನ್ನು ಬರೆದಿರುತ್ತದೆ. ಅದು ಎರಡು ಮೂರು ವರ್ಷ ಹಿಂದಿನದಾದರೆ, ಕಂಪ್ಯೂಟರಿಗೆ ಹೇಳಿದ ಮಾತೆಲ್ಲ ಅದಕ್ಕೂ ಸಲ್ಲುತ್ತದೆ.

"ಆಂಟಿವೈರಸ್ ಇದೆಯಲ್ಲ, ಸಾಲದೆ?" ಎಂದು ಕೇಳುವವರು ಬಹಳ. ಮೈಕ್ರೋಸಾಫ್ಟಿನ 'ಡಿಫೆಂಡರ್' ವಿಂಡೋಸ್ 10ರಲ್ಲಿ 2028ರ ಅಕ್ಟೋಬರಿನವರೆಗೆ ಹೊಸ ಹುಳುಗಳ ಪಟ್ಟಿಯನ್ನು ಪಡೆಯುತ್ತಿರುತ್ತದೆ ಎಂಬುದು ನಿಜ. ಇರಲಿ, ಒಳ್ಳೆಯದೇ. ಆದರೆ ಬಾಗಿಲಲ್ಲಿ ಕಾವಲುಗಾರನಿದ್ದ ಮಾತ್ರಕ್ಕೆ ಹಿತ್ತಲ ಗೋಡೆಯ ಕನ್ನ ಮುಚ್ಚುವುದಿಲ್ಲ. ಬ್ರೌಸರುಗಳೂ ಒಂದು ದಿನ ಹಳೆಯ ವಿಂಡೋಸನ್ನು ಬಿಟ್ಟು ಮುಂದೆ ಹೋಗುತ್ತವೆ; 'ಕ್ರೋಮ್' ಬ್ರೌಸರು 2023ರ ಫೆಬ್ರವರಿಯಲ್ಲಿ ವಿಂಡೋಸ್ 7ರ ಕೈಬಿಟ್ಟಿತು. ಆಗ ಬ್ಯಾಂಕಿನ ಪುಟ ತೆರೆಯದಿದ್ದರೆ ಅದನ್ನು ಉಪಕಾರವೆಂದೇ ತಿಳಿಯಬೇಕು.

ಮಾರ್ಗ ಒಂದು: ಜಾಲದಿಂದ ಬಿಡಿಸುವುದು. ತಂತಿಯನ್ನು ಕಿತ್ತು, ವೈಫೈಯನ್ನು ಆರಿಸಿ, ಪಾಸ್‌ವರ್ಡನ್ನು ಅದರ ನೆನಪಿನಿಂದ ಅಳಿಸಿದರೆ, ಪರವೂರಿನ ಕಳ್ಳನಿಗೆ ದಾರಿಯೇ ಇಲ್ಲ. ಹೀಗೆ ಏಕಾಂತವಾಸಕ್ಕೆ ಕುಳಿತ ಯಂತ್ರದಲ್ಲಿ ಕನ್ನಡದ ಕಾಗದ ಬರೆಯಬಹುದು, ಲೆಕ್ಕ ಬರೆಯಬಹುದು, ತಾಯಿಯವರಿಗೆ ದೇವರನಾಮಗಳನ್ನು ಹಾಕಿಕೊಡಬಹುದು. ಮಕ್ಕಳು ಬೆರಳಚ್ಚು ಕಲಿಯಬಹುದು. ಹಳೆಯ ಪ್ರಿಂಟರು ಹೊಸ ಲ್ಯಾಪ್‌ಟಾಪಿನ ಮಾತು ಕೇಳದಿದ್ದರೆ ಅದಕ್ಕೂ ಇದೇ ಒಡನಾಡಿ. ಉಳಿಯುವ ಅಪಾಯ ಪೆನ್‌ಡ್ರೈವಿನದು. ಇರಾನಿನ ನತಾಂಜ್ ಎಂಬಲ್ಲಿನ ಅಣುಸ್ಥಾವರದ ಯಂತ್ರಗಳು ಹೊರಗಿನ ಜಾಲಕ್ಕೆ ಸೇರಿರಲಿಲ್ಲ. ಆದರೂ 2010ರಲ್ಲಿ ಬಯಲಾದ 'ಸ್ಟಕ್ಸ್‌ನೆಟ್' ಎಂಬ ಹುಳು ಅಲ್ಲಿಗೆ ಹೋಯಿತು, ಅದು ಪೆನ್‌ಡ್ರೈವುಗಳ ಮೂಲಕ ಹರಡುವಂಥ ಹುಳು. ನಮ್ಮ ಮನೆಗಳ ಮೇಲೆ ಅಷ್ಟು ಯೋಗ್ಯತೆಯುಳ್ಳ ಶತ್ರುಗಳು ಕಣ್ಣಿಟ್ಟಿಲ್ಲ, ನಿಜ. ಝೆರಾಕ್ಸ್ ಅಂಗಡಿಯಲ್ಲಿ ಹತ್ತು ಜನರ ಯಂತ್ರ ಮುಟ್ಟಿ ಬಂದ ಪೆನ್‌ಡ್ರೈವನ್ನು ನೇರವಾಗಿ ಸಿಕ್ಕಿಸದೆ, ಹೊಸ ಯಂತ್ರದಲ್ಲಿ ಪರೀಕ್ಷಿಸಿ ತರುವಷ್ಟು ಮಡಿ ನಮಗೆ ಸಾಕು.

ಇನ್ನೊಂದು ಮಾರ್ಗ, ಯಂತ್ರವನ್ನು ಇಟ್ಟುಕೊಂಡು ವಿಂಡೋಸನ್ನೇ ಬಿಡುವುದು. 'ಲಿನಕ್ಸ್' ಎಂಬ ಬಳಗದ ತಂತ್ರಾಂಶಗಳು ಉಚಿತ, ಹಗುರ, ಅವುಗಳಿಗೆ ತಿದ್ದುಪಡಿಗಳು ಬರುತ್ತಲೇ ಇವೆ. 'ಲಿನಕ್ಸ್ ಮಿಂಟ್' ನಾಲ್ಕು ಜಿಬಿ ಮೆಮೊರಿಯ ಯಂತ್ರದಲ್ಲಿ ಆರಾಮವಾಗಿ ನಡೆಯುತ್ತದೆ. ಭಾರತ ಸರಕಾರದ ಸಂಸ್ಥೆಯಾದ ಸಿ-ಡ್ಯಾಕ್‌ನ ನಮ್ಮ ಚೆನ್ನೈ ಕೇಂದ್ರದವರೇ ಇದೇ ಬಳಗದ 'ಬಾಸ್' ಎಂಬುದನ್ನು ತಯಾರಿಸಿದ್ದಾರೆ. 2007ರಲ್ಲಿ ಮೊದಲು ಹೊರಬಂದ ಅದರಲ್ಲಿ ಕನ್ನಡವೂ ಸೇರಿ ಭಾರತದ ಭಾಷೆಗಳಿಗೆ ಎಡೆಯಿದೆ. (ಕಛೇರಿಯಲ್ಲೂ ಬಾಸ್, ಮನೆಯ ಕಂಪ್ಯೂಟರಿನಲ್ಲೂ ಬಾಸ್ ಎಂದು ನಮ್ಮ ಸಹೋದ್ಯೋಗಿಯೊಬ್ಬರು ನಿಟ್ಟುಸಿರು ಬಿಟ್ಟದ್ದುಂಟು.) ಒಂದು ಪೆನ್‌ಡ್ರೈವಿನಿಂದಲೇ ಲಿನಕ್ಸನ್ನು ಎಬ್ಬಿಸಿ, ಡಿಸ್ಕಿನಲ್ಲಿರುವುದನ್ನು ಮುಟ್ಟದೆ, ನಾಲ್ಕು ದಿನ ನಡೆಸಿ ನೋಡಬಹುದು. ಪರದೆ, ಧ್ವನಿ, ವೈಫೈ, ಪ್ರಿಂಟರು ಇವು ನಾಲ್ಕೂ ಮಾತು ಕೇಳಿದರೆ ಆಮೇಲೆ ಸ್ಥಿರವಾಗಿ ಹಾಕಿಸಿಕೊಳ್ಳಿ. ಕ.ಗ.ಪ. ಕೀಲಿಮಣೆಯ ಅಭ್ಯಾಸವಿರುವವರಿಗೆ ಅದೇ ವಿನ್ಯಾಸ ಇಲ್ಲಿಯೂ ದೊರೆಯುತ್ತದೆ. ಹೊಸ ಮನೆಗೆ ಬಂದ ಸೊಸೆಯಂತೆ ಮೊದಲ ತಿಂಗಳು ಯಾವ ಡಬ್ಬಿ ಎಲ್ಲಿದೆಯೆಂದು ಹುಡುಕಾಡುವುದು ಇದ್ದದ್ದೇ. ಆದರೆ ಬ್ಯಾಂಕು ಮುಂತಾದವನ್ನು ಹಳೆಯ ಯಂತ್ರದಲ್ಲಿಯೇ ಮಾಡಬೇಕೆಂಬ ಹಟವಿದ್ದವರಿಗೆ ನಾವು ಸೂಚಿಸಬಹುದಾದ ದಾರಿ ಇದೊಂದೇ.

ನಮ್ಮಂಥ ಹೊರನಾಡ ಕನ್ನಡಿಗರಿಗೆ ಇದರಲ್ಲಿ ಇನ್ನೊಂದು ಪಾಡಿದೆ. ಅದನ್ನು ಬೇರೆಯವರು ಹೇಳುವುದಿಲ್ಲವಾದ್ದರಿಂದ ನಾವೇ ಹೇಳಿಕೊಳ್ಳಬೇಕು. ಶೇಷಾದ್ರಿವಾಸು ಚಂದ್ರಶೇಖರನ್ ಅವರ 'ಬರಹ' 1998ರಲ್ಲಿ ಬಂತು. ಕನ್ನಡ ಗಣಕ ಪರಿಷತ್ತಿನ 'ನುಡಿ' ಅನಂತರ ಬಂತು. ತಮಿಳುನಾಡಿನ ನಡುವೆ ಕುಳಿತ ನಾವು ಕನ್ನಡ ಅಚ್ಚಿನ ಮೊಳೆಗೆ ಪರದಾಡುತ್ತಿದ್ದ ಕಾಲ ಹೋಗಿ ಮನೆಮನೆಯಲ್ಲಿ ಕನ್ನಡ ಬರೆಯುವಂತಾಯಿತು. ತಾತಂದಿರು ಹೇಳಿ ಬರೆಸಿದ ವಂಶಾವಳಿ, ಅಜ್ಜಿಯರ ಹಾಡುಗಳು, ಊರಿನ ದೇವಸ್ಥಾನದ ಜೀರ್ಣೋದ್ಧಾರದ ಲೆಕ್ಕ, ಸಂಘಗಳ ವರದಿಗಳು, ಮದುವೆಯ ಕರೆಯೋಲೆಗಳು ಎಲ್ಲ ಆ ಕಂಪ್ಯೂಟರುಗಳಲ್ಲಿವೆ. ಆದರೆ ಅಂದಿನ ಫೈಲುಗಳಲ್ಲಿ ಬಹುಪಾಲು ಯೂನಿಕೋಡ್ ಅಲ್ಲ. ಒಳಗೆ ಇಂಗ್ಲಿಷ್ ಅಕ್ಷರಗಳ ಸಂಕೇತ, ಮೇಲೆ ಕನ್ನಡ ಫಾಂಟಿನ ಮುಖವಾಡ. ಆ ಫಾಂಟಿಲ್ಲದ ಹೊಸ ಯಂತ್ರದಲ್ಲಿ ತೆರೆದರೆ ತಾತನವರ ವಂಶಾವಳಿ ಅರ್ಥವಿಲ್ಲದ ಚಿಹ್ನೆಗಳ ರಾಶಿಯಾಗಿ ಕಾಣುತ್ತದೆ. ಫೈಲು ಕೆಟ್ಟಿದೆಯೆಂದು ಅಳಿಸಿದವರೂ ಉಂಟು. ಅದು ಕೆಟ್ಟಿರುವುದಿಲ್ಲ, ಅಳಿಸಬೇಡಿ.

ಹಳೆಯ ಕಂಪ್ಯೂಟರು ಜೀವದಿಂದಿರುವಾಗಲೇ ಅದಕ್ಕೆ ಕೊಡಬೇಕಾದ ಅತಿ ಮುಖ್ಯವಾದ ಕೆಲಸ ಇದೇ ಎಂದು ನಮ್ಮ ಅಭಿಪ್ರಾಯ. ಆ ಫಾಂಟು, ಆ ತಂತ್ರಾಂಶ ಅದರಲ್ಲಿಯೇ ಇವೆ. ಫೈಲುಗಳನ್ನು ಒಂದೊಂದಾಗಿ ತೆರೆದು ಯೂನಿಕೋಡಿಗೆ ಪರಿವರ್ತಿಸಿ. 'ಬರಹ'ದಲ್ಲಿ ಇದಕ್ಕೆ ಸೌಲಭ್ಯವಿದೆ. ಒತ್ತಕ್ಷರಗಳೂ ಅರ್ಕಾವತ್ತೂ ಅಲ್ಲಲ್ಲಿ ಜಾರುವುದರಿಂದ ಒಬ್ಬರು ಓದಿ ತಿದ್ದಬೇಕಾಗುತ್ತದೆ. ಕನ್ನಡ ಓದು ಮರೆಯುತ್ತಿರುವ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡರೆ ಎರಡು ಕೆಲಸವಾಯಿತು. ಜೊತೆಗೆ ಪ್ರತಿಯೊಂದನ್ನೂ ಪಿಡಿಎಫ್ ಮಾಡಿ ಇಟ್ಟರೆ ಮುಖವಾಡವೇ ಮುಖವಾಗಿ ಉಳಿಯುತ್ತದೆ.

ಹೀಗೆ ತೆಗೆದ ಪ್ರತಿಗಳನ್ನು ಅದೇ ಯಂತ್ರದ ಪಕ್ಕದ ಬೀರುವಿನಲ್ಲಿ ಇಟ್ಟರೆ ಏನಾಗುವುದೆಂಬುದನ್ನು ಈ ಊರಿನವರಿಗೆ ವಿವರಿಸಬೇಕಾಗಿಲ್ಲ. 2015ರ ಡಿಸೆಂಬರಿನಲ್ಲಿ ಅಡೆಯಾರು ಉಕ್ಕಿ ಸೈದಾಪೇಟೆ, ಕೋಟ್ಟೂರುಪುರಂ, ಜಾಫರ್‌ಖಾನ್‌ಪೇಟೆಗಳ ಮನೆಗಳಿಗೆ ನೀರು ನುಗ್ಗಿದಾಗ, ಕಂಪ್ಯೂಟರೂ ಅದರ ಪ್ರತಿಯೂ ಒಂದೇ ಕೋಣೆಯಲ್ಲಿ ಇದ್ದವರು ಎರಡನ್ನೂ ಒಟ್ಟಿಗೆ ಕಳೆದುಕೊಂಡರು. 2023ರ ಡಿಸೆಂಬರಿನ ಮಿಚಾಂಗ್ ಚಂಡಮಾರುತದಲ್ಲಿ ವೇಳಚ್ಚೇರಿ, ಪಳ್ಳಿಕ್ಕರಣೆಗಳ ಸರದಿ. ಒಂದು ಪ್ರತಿ ಹೊರಗಿನ ಡಿಸ್ಕಿನಲ್ಲಿರಲಿ. ಇನ್ನೊಂದು ಊರಿನಲ್ಲಿರುವ ಅಣ್ಣನ ಮನೆಯಲ್ಲೋ ಬೆಂಗಳೂರಿನ ಮಗಳ ಹತ್ತಿರವೋ ಇರಲಿ. ಹೊರಗಿನ ಡಿಸ್ಕನ್ನು ಕೆಲಸವಾದೊಡನೆ ಬಿಡಿಸಿಡಬೇಕು. ವಾನಾಕ್ರೈಯಂಥ ಹುಳು ಸಿಕ್ಕಿಸಿಟ್ಟ ಡಿಸ್ಕಿಗೂ ಬೀಗ ಹಾಕಿಬಿಡುತ್ತದೆ.

ಮೋಸಗಾರರು ಈ ನಿವೃತ್ತಿಯ ಗಲಿಬಿಲಿಯನ್ನೂ ಬಳಸಿಕೊಳ್ಳುವವರೇ. "ನಿಮ್ಮ ವಿಂಡೋಸ್ ಅವಧಿ ಮುಗಿದಿದೆ, ಕೂಡಲೆ ಈ ನಂಬರಿಗೆ ಕರೆ ಮಾಡಿ" ಎಂದು ಪರದೆಯ ತುಂಬ ಕೆಂಪಕ್ಷರ ಬಂದರೆ ಕರೆ ಮಾಡಬೇಡಿ. ಮೈಕ್ರೋಸಾಫ್ಟಿನ ನಿಜವಾದ ಎಚ್ಚರಿಕೆಗಳಲ್ಲಿ ಫೋನ್ ನಂಬರು ಇರುವುದಿಲ್ಲ. ಯಂತ್ರವನ್ನು ದೂರದಿಂದ ನೋಡುವ ತಂತ್ರಾಂಶ ಹಾಕಿಸಿಕೊಳ್ಳಿ ಎನ್ನುವವನು ಎಷ್ಟೇ ಮರ್ಯಾದೆಯಿಂದ ಮಾತನಾಡಲಿ, ಫೋನ್ ಕೆಳಗಿಡಿ. ಹಣ ಹೋದದ್ದು ತಿಳಿದ ಗಳಿಗೆಯಲ್ಲೇ 1930ಕ್ಕೆ ತಿಳಿಸಬೇಕು. ಹಣ ಖಾತೆಯಿಂದ ಖಾತೆಗೆ ಹಾರಿಹೋಗುವ ಮೊದಲು ತಡೆಯಲು ಅವಕಾಶವಿರುವುದು ಆ ಮೊದಲ ಕೆಲವು ಗಂಟೆಗಳಲ್ಲಿ.

ಇಷ್ಟೆಲ್ಲ ಆದ ಮೇಲೂ ಯಂತ್ರ ಬೇಡವೆನಿಸಿದರೆ ಮೌಂಟ್ ರೋಡಿನ ಪಕ್ಕದ ರಿಚ್ಚಿ ಸ್ಟ್ರೀಟಿಗೆ ಒಯ್ಯುವುದು ನಮ್ಮೂರಿನ ಪದ್ಧತಿ. ಅಲ್ಲಿ ಹಳೆಯ ಯಂತ್ರಕ್ಕೆ ಬೆಲೆ ಕಟ್ಟುವವರೂ ಇದ್ದಾರೆ, ಮೆಮೊರಿ ಹೆಚ್ಚಿಸಿ ಎಸ್‌ಎಸ್‌ಡಿ ಹಾಕಿ ಮತ್ತೆ ಓಡಾಡುವಂತೆ ಮಾಡಿಕೊಡುವವರೂ ಇದ್ದಾರೆ. ಪೂರ್ತಿ ಕೆಟ್ಟದ್ದನ್ನು ಪೇಪರಿನವನ ತಕ್ಕಡಿಗೆ ಹಾಕದೆ, ಇ-ತ್ಯಾಜ್ಯ ಪಡೆಯಲು ಅಧಿಕಾರವುಳ್ಳವರಿಗೆ ಕೊಡಬೇಕು. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಕೇಂದ್ರದ ನಿಯಮಗಳಲ್ಲಿ ಇದಕ್ಕೆ ಏರ್ಪಾಡಿದೆ. ಅದರೊಳಗಿನ ಸೀಸ ಪೆರುಂಗುಡಿಯ ತಿಪ್ಪೆಗೆ ಹೋಗಿ ಸೇರಬಾರದು. ಮಾರಿದರೂ ದಾನ ಮಾಡಿದರೂ ಒಂದು ಮಾತು: ಫೈಲನ್ನು ಅಳಿಸಿ ಕಸದ ಬುಟ್ಟಿ ಬರಿದು ಮಾಡಿದ ಮಾತ್ರಕ್ಕೆ ಅದು ಡಿಸ್ಕಿನಿಂದ ಹೋಗಿರುವುದಿಲ್ಲ, ಬಲ್ಲವರು ಮರಳಿ ತೆಗೆಯುತ್ತಾರೆ. ಡಿಸ್ಕನ್ನು ಬಿಚ್ಚಿ ಕೊಡಲು ಅಂಗಡಿಯವನಿಗೆ ಐದು ನಿಮಿಷ ಸಾಕು. ಡಿಸ್ಕಿಲ್ಲದ ಯಂತ್ರಕ್ಕೆ ಅವನು ಕೆಲವು ನೂರು ರೂಪಾಯಿ ಕಡಮೆ ಹೇಳಬಹುದು. ಹೇಳಲಿ, ಡಿಸ್ಕು ನಿಮ್ಮ ಕೈಗೆ ಬಂದ ಮೇಲೆಯೇ ಯಂತ್ರವನ್ನು ಒಪ್ಪಿಸಿ.